ನೂರು ತಾಸಿನ ಬ್ಯಾಟರಿ, ನನ್ನ ಬಲಗಣ್ಣು

ಡಬ್ಬಿಯ ಮೇಲೆ ಬರೆದದ್ದು ಸುಳ್ಳು. ನನ್ನ ಕಣ್ಣಿಗೆ ಪೊರೆ ಬಂದದ್ದು ನಿಜ. ನಡೆದದ್ದು ಇಷ್ಟೇ. ಆದರೆ ಈ ಎರಡು ಮಾತು ಒಂದೇ ಮನೆಯಲ್ಲಿ ಒಟ್ಟಿಗೆ ಕೂಡುವುದಕ್ಕೆ ಕಾರಹುಣ್ಣಿಮೆಯಿಂದ ದಸರೆಯ ತನಕ ಹಿಡಿಯಿತು. ಅಳಿಯ ಕಣ್ಣಿನದೇ ತಪ್ಪು ಅನ್ನುತ್ತಿದ್ದ. ನಾನು ಬ್ಯಾಟರಿಯದೇ ತಪ್ಪು ಅನ್ನುತ್ತಿದ್ದೆ. ಒಬ್ಬರ ಮಾತು ಖರೆಯಾದರೆ ಇನ್ನೊಬ್ಬರದು ಸುಳ್ಳಾಗಲೇಬೇಕು ಎಂದು ಇಬ್ಬರೂ ತಿಳಿದಿದ್ದೆವು. ನಾನು ಹಾಗೇ ಗೆಲ್ಲುತ್ತಾ ಹೋಗಿದ್ದರೆ ಬಲಗಣ್ಣು ಕಳೆದುಕೊಳ್ಳುತ್ತಿದ್ದೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಎನ್ನುತ್ತಾರೆ. ಅದರ ಹೊಟ್ಟೆಯೊಳಗೆ ಹಾಕುವುದು ಸೆಲ್ಲು.

ನಮ್ಮ ಮನೆ ಬಸವಕಲ್ಯಾಣದಲ್ಲಿ, ಕೋಟೆಯ ಕಡೆ ಹೋಗುವ ಒಂದು ಓಣಿಯಲ್ಲಿ. ಯಜಮಾನರು, ನಾನು, ಮಗ, ಸೊಸೆ. ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದೇವೆ. ಅಳಿಯನಿಗೆ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಕರೆಂಟಿನ ಸಾಮಾನಿನ ಅಂಗಡಿ ಇದೆ. ವೈರು, ಹೋಲ್ಡರು, ಬಲ್ಬು ಮಾರುತ್ತಾನೆ, ಫ್ಯಾನು ಮಿಕ್ಸರು ರಿಪೇರಿ ಮಾಡುತ್ತಾನೆ. ಒಳ್ಳೆಯ ಮನುಷ್ಯ. ಎದುರಿಗೆ ಬಂದರೆ ‘ರಿ’ ಹಚ್ಚಿಯೇ ಮಾತನಾಡಿಸುತ್ತೇನೆ, ಅಳಿಯನಿಗೆ ಹಾಗೆ ಮಾತನಾಡಿಸುವುದೇ ಪದ್ಧತಿ. ಕತೆ ಹೇಳುವಾಗ ಅಷ್ಟೆಲ್ಲ ಬೇಕಿಲ್ಲ.

ಇದೆಲ್ಲ ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಅದಕ್ಕೂ ಹಿಂದೆ, ಮಗಳ ಮದುವೆಯ ಕಾಲಕ್ಕೆ, ಕರೆಂಟು ಹೋದರೆ ಕಂದೀಲು ಹಚ್ಚುತ್ತಿದ್ದೆವು. ರೇಷನ್ನಿನ ಸೀಮೆಎಣ್ಣೆ. ದಿನಾ ಸಂಜೆ ಗಾಜು ಬೂದಿ ಹಾಕಿ ಒರೆಸಬೇಕು, ಬತ್ತಿಯ ಕರಿ ಕತ್ತರಿಸಬೇಕು. ಮನೆಯಲ್ಲಿ ಒಂದು ಹಳೆಯ ಬ್ಯಾಟರಿಯೂ ಇತ್ತು, ತಗಡಿನದು. ಅದನ್ನು ಯಜಮಾನರು ಹೊಲಕ್ಕೆ ಒಯ್ಯುತ್ತಿದ್ದರು. ಆ ಬ್ಯಾಟರಿಯದು ಒಂದು ಗುಣ ಇತ್ತು. ಸೆಲ್ಲು ಮುಗಿಯುವ ಕಾಲಕ್ಕೆ ಬೆಳಕು ಹಳದಿಯಾಗುತ್ತಿತ್ತು, ಆಮೇಲೆ ಕೆಂಪಾಗುತ್ತಿತ್ತು, ಆಮೇಲೆ ಕಪ್ಪು. ತಾನು ಹೋಗುವುದನ್ನು ಹೇಳಿಯೇ ಹೋಗುತ್ತಿತ್ತು. ಬೆಳಕು ಕೆಂಪಾದದ್ದು ಕಂಡರೆ ನಾನು ಸೆಲ್ಲು ತೆಗೆದು ಗೋಡೆಯ ಮೇಲೆ ಬಿಸಿಲಿಗೆ ಇಡುತ್ತಿದ್ದೆ. ಒಂದೆರಡು ದಿನ ಜೀವ ಬರುತ್ತಿತ್ತು. ಇದು ನಮ್ಮ ಓಣಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು. ಸಂಡಿಗೆಯ ಪಕ್ಕದಲ್ಲೇ ಸೆಲ್ಲೂ ಒಣಗುತ್ತಿದ್ದವು.

ಆ ಕಾರಹುಣ್ಣಿಮೆಗೆ ಅಳಿಯ ಬಂದವನು ಹೊಸ ಬ್ಯಾಟರಿ ತಂದ. ಪ್ಲಾಸ್ಟಿಕ್ಕಿನದು, ಕೈಯಲ್ಲಿ ಹಗುರ. ಬಾಯಿಯಲ್ಲಿ ದಾಳಿಂಬೆ ಬೀಜ ಜೋಡಿಸಿದ ಹಾಗೆ ಸಣ್ಣ ಸಣ್ಣ ದೀಪ. ಗುಂಡಿ ಒತ್ತಿದರೆ ಗೋಡೆಯ ಸುಣ್ಣ ಎದ್ದು ಬಂದ ಹಾಗೆ ಬೆಳ್ಳಗೆ ಕಂಡಿತು.

“ಅತ್ತಿ, ಇದು ಎಲ್‌ಇಡಿ ಅದ್ರಿ. ಇದಕ್ಕ ಬಲ್ಬೇ ಇಲ್ಲ, ಸುಡೋ ಮಾತೇ ಇಲ್ಲ. ಒಂದ್ಸಲ ಸೆಲ್ ಹಾಕಿದ್ರ ನೂರು ತಾಸು.”

“ನೂರು ತಾಸು ಯಾರು ಕುಂತು ನೋಡ್ಯಾರ?” ಅಂದೆ.

“ಕಂಪನಿಯವ್ರು ನೋಡ್ಯಾರ್ರಿ. ಡಬ್ಬಿ ಮ್ಯಾಲ ಬರದಾರ ನೋಡ್ರಿ.”

ಡಬ್ಬಿಯನ್ನು ಯಜಮಾನರು ತೆಗೆದುಕೊಂಡರು. ಅವರು ನಿಜಾಮನ ಕಾಲದಲ್ಲಿ ಉರ್ದು ಸಾಲೆ ಓದಿದವರು. ಛಾಪಿಸಿದ ಕಾಗದ ಎಂದರೆ ಅವರಿಗೆ ಬಹಳ ಮರ್ಯಾದೆ. ದೂರ ಹಿಡಿದು ಓದಿ ಹೇಳಿದರು.

“ಹೌದು, ನೂರು ಅಂತ ಅದ. ಛಾಪಿಸಿ ಹಾಕ್ಯಾರಂದ್ರ ಸುಳ್ಳ ಇರ್ತದೇನ?”

“ಎಲೆಕ್ಷನ್ ಬಂದಾಗ ಗ್ವಾಡಿಗಿ ಹಚ್ಚತಾರಲ್ಲ, ಅದೂ ಛಾಪಿಸಿದ್ದೇ ಅದರಿ.”

ಅಳಿಯ ನಕ್ಕ. ಯಜಮಾನರು ನಗಲಿಲ್ಲ. ನನಗೆ ಅಂಕಿ ಓದಲು ಬರುತ್ತದೆ, ನಾನೂ ಇಸಕೊಂಡು ನೋಡಿದೆ. ನೂರು ಎಂದೇ ಇತ್ತು.

ಮಗಳ ಮನೆಯ ವಸ್ತುವನ್ನು ನಾವು ಪುಕ್ಕಟೆ ತೆಗೆದುಕೊಳ್ಳುವುದಿಲ್ಲ. ಅಳಿಯ ರೊಕ್ಕ ಮುಟ್ಟುವುದಿಲ್ಲ. ಇಂಥದ್ದು ಬಂದಾಗ ಮಾಡುವುದೇನೆಂದರೆ ಸಾಮಾನಿಗೆ ಸಾಮಾನು ಕೊಡುವುದು.

“ಹಂಗಾದ್ರ ನಿಮಗೊಂದು ಕೌದಿ ಹೊಲಿದು ಕೊಡ್ತೀನಿ,” ಅಂದೆ.

“ಒಂದು ಬ್ಯಾಟರಿಗಿ ಒಂದು ಕೌದಿ ಏನ್ರಿ ಅತ್ತಿ! ಭಾಳ ಆಯ್ತು.”

“ನೂರು ತಾಸು ಅಂದೀರಲ್ಲ. ಆ ನೂರು ತಾಸಿನ್ಯಾಗೇ ಹೊಲೀತೀನಿ.”

ಕೌದಿ ಗೊತ್ತಿಲ್ಲದವರಿಗೆ ಹೇಳಬೇಕು. ಹಳೆಯ ಸೀರೆ, ಹರಿದ ಧೋತರ, ಬಣ್ಣ ಹೋದ ಅಂಗಿ, ಇವನ್ನೆಲ್ಲ ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದ ಹೊದಿಕೆ. ನಮ್ಮ ಮನೆಯಲ್ಲಿ ಹೊಲಿಯುವ ರೀತಿ ಹೀಗೆ: ಅಂಚಿನಿಂದ ಶುರು ಮಾಡಿ ನಾಲ್ಕೂ ಬದಿ ಸುತ್ತಿ ಬರುವುದು, ಆ ಸುತ್ತಿನ ಒಳಗೆ ಇನ್ನೊಂದು ಸುತ್ತು, ಅದರ ಒಳಗೆ ಇನ್ನೊಂದು. ಕೊನೆಗೆ ನಡುವಿಗೆ ಬಂದು ಮುಗಿಯುತ್ತದೆ. ಹೊರಗಿನದು ಮೊದಲ ದಿನದ ಹೊಲಿಗೆ, ನಡುವಿನದು ಕೊನೆಯ ದಿನದ್ದು. ಹೊಲಿಗೆ ಜೋಳದ ಕಾಳಿನಷ್ಟು ಇರಬೇಕು. ನನ್ನ ಅವ್ವ ಕಲಿಸಿದ್ದು ಅದೇ ಅಳತೆ. ದೊಡ್ಡದಾದರೆ ತೊಳೆದಾಗ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ.

ಹಗಲಿಗೆ ನನಗೆ ಸೂಜಿ ಹಿಡಿಯಲು ಹೊತ್ತು ಇರುತ್ತಿರಲಿಲ್ಲ. ಸಂಜೆ ಕರೆಂಟು ಹೋಗುತ್ತಿತ್ತು. ರೊಟ್ಟಿ ಬಡಿದು ಮುಗಿದಿರುತ್ತಿತ್ತು, ಟಿವಿ ಸುಮ್ಮನಿರುತ್ತಿತ್ತು. ಟಿವಿ ನಡೆಯುವಾಗ ನಮ್ಮ ಮನೆಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಹಾಗಾಗಿ ಕತ್ತಲೆಯೇ ಹೊಲಿಗೆಯ ವೇಳೆ. ಪಡಸಾಲೆಯ ಗೂಟಕ್ಕೆ ಬ್ಯಾಟರಿಯನ್ನು ದಾರದಿಂದ ಕಟ್ಟಿ, ತಲೆಕೆಳಗಾಗಿ ತೂಗಬಿಟ್ಟು, ಅದರ ಕೆಳಗೆ ಕೌದಿ ಹಾಸಿಕೊಂಡು ಕೂಡುತ್ತಿದ್ದೆ.

ಮೊದಲ ಸಂತೆಯಿಂದ ಎರಡನೆಯ ಸಂತೆಯ ತನಕ ಬೆಳಕು ಚೆನ್ನಾಗಿತ್ತು. ಅದರಲ್ಲಿ ಸುಳ್ಳಿಲ್ಲ. ಎರಡನೆಯ ಸಂತೆ ದಾಟಿದ ಮೇಲೆ ದಾರ ಪೋಣಿಸುವುದು ತಡವಾಗತೊಡಗಿತು. ಬೆಳಕಿನ ಬಣ್ಣ ನೋಡಿದರೆ ಮೊದಲಿನ ಹಾಗೇ ಬಿಳಿ. ಹಳದಿಯಾಗಲಿಲ್ಲ, ಕೆಂಪಾಗಲಿಲ್ಲ. ಹಾಲಿಗೆ ದಿನಾ ಒಂದೊಂದು ಲೋಟ ನೀರು ಬೆರೆಸುತ್ತಾ ಹೋದರೆ ಹೇಗೋ ಹಾಗೆ. ಬಣ್ಣ ಅದೇ, ಸತ್ವ ಇಲ್ಲ. ಹಳೆಯ ಬ್ಯಾಟರಿಯ ಹಾಗೆ ಇದು ಹೇಳಿ ಹೋಗುವ ಪೈಕಿ ಅಲ್ಲ. ಮೂರನೆಯ ಸಂತೆಗೆ ಅದು ತನ್ನ ಮುಖ ತಾನು ತೋರಿಸುವಷ್ಟು ಉರಿಯುತ್ತಿತ್ತು, ಕೆಳಗಿನ ಬಟ್ಟೆ ಕಾಣುತ್ತಿರಲಿಲ್ಲ.

ಸೊಸೆಯನ್ನು ಕರೆದು ಕೇಳಿದೆ.

“ಏ, ಇದರ ಬೆಳಕು ಕಮ್ಮಿ ಆಗ್ಯಾದಲ್ಲ?”

ಅವಳು ಬಗ್ಗಿ ನೋಡಿ ಹೇಳಿದಳು. “ಬರೋಬ್ಬರಿನೇ ಅದಲ್ರಿ ಅತ್ತಿ. ನಂಗ ಕಾಣಾಕತ್ತದ.”

“ನಿಂಗ ಕಾಣ್ತದ. ನೀ ಈಗ ಬಂದಿ. ಒಂದು ತಾಸು ಕುಂತು ನೋಡು.”

“ಕುಂತ್ರ ಹಾಲು ಉಕ್ಕತಾವ್ರಿ,” ಎಂದು ಒಳಗೆ ಹೋದಳು.

ಸೆಲ್ಲು ತೆಗೆದು ಬಿಸಿಲಿಗೆ ಇಟ್ಟು ನೋಡಿದೆ. ಒಂದು ಸಂಜೆ ಸ್ವಲ್ಪ ಸುಧಾರಿಸಿತು. ಆಮೇಲೆ ಮಗನಿಂದ ಹೊಸ ಸೆಲ್ಲು ತರಿಸಿ ಹಾಕಿದೆ. ಮತ್ತೆ ಬೆಳ್ಳಗೆ ಬೆಳಕು, ಮತ್ತೆ ಹೊಲಿಗೆ ಸಣ್ಣದಾಯಿತು. ಮತ್ತೆ ಎರಡು ಸಂತೆ, ಮತ್ತೆ ಅದೇ ಹಾಡು. ಆಗ ನನಗೆ ಖಾತ್ರಿಯಾಯಿತು. ಮಗನ ಮೊಬೈಲಿನಿಂದ ಹುಮನಾಬಾದಿಗೆ ಫೋನು ಹಚ್ಚಿಸಿದೆ.

“ಅಳಿಯಂದ್ರ, ನಿಮ್ಮ ಡಬ್ಬಿ ಸುಳ್ಳ ಹೇಳ್ತದರಿ.”

“ಅತ್ತಿ, ಗುಂಡಿ ಬಂದ್ ಮಾಡಲಾರ್ದ ಇಟ್ಟಿರಬೇಕು ನೋಡ್ರಿ.”

“ನಾ ಒಲಿ ಆರಿಸಲಾರ್ದ ಮಲಗಿದಾಕಿ ಅಲ್ಲ, ಇದನ್ನ ಹಂಗ ಬಿಡ್ತೀನೇನು?”

ಅವನಿಗೆ ಅದು ತಾಗಿತು. ಅಂಗಡಿಯಲ್ಲಿ ಅವನು ಆ ಬ್ಯಾಟರಿಯನ್ನು ಊರ ಸುತ್ತಲಿನ ಹಳ್ಳಿಯವರಿಗೆಲ್ಲ ಕೊಟ್ಟಿದ್ದ. ಕೆಲವರು ತಿರುಗಿ ತಂದು ಕೌಂಟರಿನ ಮೇಲೆ ಇಡುತ್ತಿದ್ದರಂತೆ. ಅವರಿಗೂ ಇದೇ ಮಾತು ಹೇಳುತ್ತಿದ್ದ, ಗುಂಡಿ ಬಂದ್ ಮಾಡಿಲ್ಲ ಎಂದು. ಆದರೆ ಅತ್ತೆ ಹೇಳಿದ ಮೇಲೆ ಸುಮ್ಮನೆ ಕೂಡಲಾಗಲಿಲ್ಲ. ಹೊಸ ಬ್ಯಾಟರಿ, ಹೊಸ ಸೆಲ್ಲು ತೆಗೆದು, ಕೌಂಟರಿನ ಕೆಳಗೆ ಕತ್ತಲಲ್ಲಿ ಹಚ್ಚಿಟ್ಟನಂತೆ. ಹಗಲೂ ರಾತ್ರಿ ಉರಿಯಲು ಬಿಟ್ಟನಂತೆ.

ಪಂಚಮಿಗೆ ಮಗಳು ತವರಿಗೆ ಬಂದಳು. ಬಿಡಲು ಅಳಿಯನೂ ಬಂದ. ಚೀಲದಿಂದ ಬ್ಯಾಟರಿ ತೆಗೆದ. ಅದು ಉರಿಯುತ್ತಲೇ ಇತ್ತು.

“ನೋಡ್ರಿ ಅತ್ತಿ. ನೂರು ತಾಸು ದಾಟಿ ಹೋಗ್ಯಾದ. ಇನ್ನೂ ಉರಿಯಾಕತ್ತದ. ಕಂಪನಿ ಸುಳ್ಳ ಹೇಳಿಲ್ಲ.”

ಯಜಮಾನರು ನನ್ನ ಕಡೆ ನೋಡಿದರು. “ನಾ ಏನಂದಿದ್ದೆ?”

ನಾನು ಬ್ಯಾಟರಿ ಇಸಕೊಂಡು ಕಾಳಿನ ಕೋಣೆಗೆ ಹೋದೆ. ಅಲ್ಲಿ ಕಿಟಕಿ ಇಲ್ಲ, ಹಗಲಿಗೂ ಕತ್ತಲೆ. ಎಲ್ಲರೂ ಹಿಂದೆ ಬಂದರು. ಜೋಳದ ಚೀಲದ ಮೇಲೆ ಬ್ಯಾಟರಿ ಇಟ್ಟು, ಸೂಜಿ ದಾರ ಅಳಿಯನ ಕೈಗೆ ಕೊಟ್ಟೆ.

“ಪೋಣಸ್ರಿ.”

ಅವನು ಪೋಣಿಸಲು ಹೋದ. ದಾರ ಸೂಜಿಯ ಈ ಕಡೆ ಹೋಯಿತು, ಆ ಕಡೆ ಹೋಯಿತು. ಬಾಯಿಗೆ ಹಾಕಿ ಒದ್ದೆ ಮಾಡಿ ಮತ್ತೆ ನೋಡಿದ. ಕೊನೆಗೆ ನಕ್ಕು ಬಿಟ್ಟ.

“ಅತ್ತಿ, ಇದು ಹೊಲಿಯೋ ಬ್ಯಾಟರಿ ಅಲ್ರಿ. ದಾರಿ ನೋಡೋ ಬ್ಯಾಟರಿ.”

“ದಾರಿ ಕಾಣಸ್ತದೇನು? ಆ ಮೂಲ್ಯಾಗ ಇರೋದು ಹಗ್ಗನೋ ಹಾವೋ ಹೇಳ್ರಿ.”

ಅವನು ಮೂಲೆಗೆ ಬ್ಯಾಟರಿ ಹಿಡಿದು ನೋಡಿದ. ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಿದ. ಅಲ್ಲಿದ್ದದ್ದು ಹಗ್ಗವೂ ಅಲ್ಲ, ಹಾವೂ ಅಲ್ಲ, ಕಸಬರಿಗೆ.

ಅಳಿಯ ನೋಡಿದ್ದು ದೀಪ ಉರಿಯುತ್ತದೋ ಇಲ್ಲವೋ ಎಂದು. ನಾನು ನೋಡಿದ್ದು ದೀಪದ ಕೆಳಗಿನದು ಕಾಣುತ್ತದೋ ಇಲ್ಲವೋ ಎಂದು. ಕಂಪನಿಯವರೂ ಅಳಿಯನ ಹಾಗೇ ನೋಡಿರಬೇಕು. ಮಿಣುಕು ಇರುವ ತನಕ ತಾಸು ಲೆಕ್ಕ ಹಾಕಿ ಡಬ್ಬಿಗೆ ಛಾಪಿಸಿದ್ದಾರೆ. ಮಿಣುಕು ಯಾರಿಗೆ ಬೇಕು? ಅದನ್ನು ಮಿಣುಕುಹುಳವೂ ಕೊಡುತ್ತದೆ, ಸೆಲ್ಲಿಲ್ಲದೆ. ಇದನ್ನು ಅಂದೇ ಹೇಳಿದೆ. ಅಳಿಯ ಒಪ್ಪುವ ಹಾಗಿದ್ದ.

ಅಷ್ಟರಲ್ಲಿ ಸೊಸೆ ಮುಂದೆ ಬಂದು, ಆ ಸೂಜಿ ಇಸಕೊಂಡು, ಅದೇ ಮಿಣುಕಿನಲ್ಲಿ ಎರಡು ಮೂರು ಸಲ ನೋಡಿ ದಾರ ಪೋಣಿಸಿಬಿಟ್ಟಳು.

“ಆಯ್ತಲ್ರಿ,” ಅಂದಳು.

ಅಲ್ಲಿಗೆ ನನ್ನ ಗೆಲುವು ಮುಗಿಯಿತು. ಅಳಿಯ ಬ್ಯಾಟರಿ ಬಿಟ್ಟು ನನ್ನ ಕಣ್ಣಿನ ಕಡೆ ತಿರುಗಿದ. ಸೊಸೆಗೂ ಬಾಯಿ ಬಂತು.

“ಮೊನ್ನೆ ಅತ್ತಿ ಚಹಾ ಕಪ್ಪು-ಬಸಿಯೊಳಗ ಹಾಕಲಾರ್ದ ಕಟ್ಟಿ ಮ್ಯಾಲ ಹಾಕಿದ್ರು. ಹಗಲಿನ್ಯಾಗ. ಮತ್ತ ಹಿಂದಿನ ಮನಿ ಅಕ್ಕ ಬಂದ್ರ ಇವ್ರು ಹಾಲಿನವ ಅಂತ ತಿಳಿದು ಪಾತೇಲಿ ತರಾಕ ಹೋದ್ರು.”

“ಆಕಿ ಕೈಯಾಗ ಕ್ಯಾನ್ ಇತ್ತು,” ಅಂದೆ.

“ಛತ್ರಿ ಇತ್ರಿ.”

ಮಗಳು ನನ್ನ ಗದ್ದ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು. ಬಿಸಿಲಿಗೆ ನನ್ನ ಮುಖ ಎತ್ತಿ ನೋಡಿದಳು.

“ಯವ್ವ, ನಿನ್ನ ಬಲಗಣ್ಣಾಗ ಬೆಳ್ಳಗ ಕಾಣಾಕತ್ತದ. ಪೊರಿ ಬಂದದ.”

“ಬಿಸಿಲಿಗಿ ಹಂಗ ಕಾಣಸ್ತದ.”

“ಹುಮನಾಬಾದಿಗಿ ಬಾ. ದವಾಖಾನಿಗಿ ತೋರಸೋಣ. ಈಗ ಆಪರೇಶನ್ ಭಾಳ ಹಗುರ ಆಗ್ಯಾದ ಅಂತಾರ.”

“ಬ್ಯಾಟರಿ ಕೆಟ್ರ ನನ್ನ ಕಣ್ಣು ಕೊಯ್ತೀರೇನು?”

ನಾನು ಯಾಕೆ ಒಪ್ಪಲಿಲ್ಲ ಎನ್ನುವುದನ್ನೂ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಒಬ್ಬಾಕೆ ಯಾವುದೋ ಊರಿನ ಶಿಬಿರಕ್ಕೆ ಹೋಗಿ ಕಣ್ಣು ಕೊಯ್ಯಿಸಿಕೊಂಡು ಬಂದಿದ್ದಳು. ಮನೆಗೆ ಬಂದವಳು ಮೂರನೆಯ ದಿನವೇ ಒಲೆಯ ಮುಂದೆ ಕೂತಳು, ಕಣ್ಣಿಗೆ ಹೊಗೆ ತುಂಬಿಸಿಕೊಂಡಳು, ಸೆರಗಿನಿಂದ ಕಣ್ಣು ತಿಕ್ಕಿದಳು. ಆ ಕಣ್ಣು ಹೋಯಿತು. ತಪ್ಪು ಯಾರದು ಎಂದು ಯಾರೂ ಕೇಳಲಿಲ್ಲ. ಆಪರೇಶನ್ ಮಾಡಿಸಿದರೆ ಕಣ್ಣು ಹೋಗುತ್ತದೆ ಎನ್ನುವುದೊಂದೇ ಓಣಿಯಲ್ಲಿ ಉಳಿಯಿತು. ನಾನೂ ಅದನ್ನೇ ನಂಬಿದ್ದೆ.

ಆಪರೇಶನ್ ಮಾಡಿಸದಿದ್ದರೆ ಏನಾಗುತ್ತದೆ ಎನ್ನುವುದೂ ನನಗೆ ಗೊತ್ತಿತ್ತು. ನನ್ನ ತವರು ರಾಜೇಶ್ವರ. ನನ್ನ ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಹಣ್ಣಾಗಿ, ಗಟ್ಟಿಯಾಗಿ, ಆಮೇಲೆ ಯಾರಿಂದಲೂ ಏನೂ ಮಾಡಲಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಕೈ ಆಡಿಸಿ ರೊಟ್ಟಿ ಎಲ್ಲಿ, ಪಲ್ಯ ಎಲ್ಲಿ ಎಂದು ಹುಡುಕುತ್ತಿದ್ದಳು. ಬಸ್ಸು ಹುಮನಾಬಾದಿಗೆ ಹೋಗುವಾಗ ರಾಜೇಶ್ವರದಲ್ಲಿ ನಿಲ್ಲುತ್ತದೆ. ನಾನು ಕಿಟಕಿಯಿಂದ ಆ ಓಣಿಯ ಕಡೆ ನೋಡುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿದೆ ಎಂದು ಒಪ್ಪಿದರೆ ಎರಡೇ ದಾರಿ, ಒಂದು ಓಣಿಯವಳ ದಾರಿ, ಇನ್ನೊಂದು ಅವ್ವನ ದಾರಿ. ತಪ್ಪು ಬ್ಯಾಟರಿಯದಾದರೆ ಎರಡೂ ಬೇಕಿಲ್ಲ. ಬ್ಯಾಟರಿಯದು ತಪ್ಪು ಇತ್ತು ಕೂಡ. ಅದನ್ನು ಗಟ್ಟಿ ಹಿಡಿದೆ.

ಗಣೇಶ ಚೌತಿಯ ಹೊತ್ತಿಗೆ ಕೌದಿ ಮುಗಿಯಿತು. ಕೊನೆಯ ಹೊಲಿಗೆ ಹಾಕುವ ಮುಂಚೆ ನಡುವಿನ ಚೌಕದೊಳಗೆ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಜೋಳ ಇಟ್ಟು ಹೊಲಿದೆ. ಹೊಟ್ಟೆ ಖಾಲಿ ಇಟ್ಟು ಕೌದಿ ಕೊಡಬಾರದು ಎಂದು ನಮ್ಮ ಮನೆಯಲ್ಲಿ ನಡೆದು ಬಂದಿದೆ. ಮಗ ಅದನ್ನು ಹುಮನಾಬಾದಿಗೆ ಮುಟ್ಟಿಸಿ ಬಂದ.

ದಸರೆಗೆ ಘಟ ಹಾಕುವ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆ ಅಷ್ಟೂ ತೊಳೆಯಬೇಕು. ಒಂದು ದುಪ್ಪಟಿಯೂ ಉಳಿಯಬಾರದು. ಮಗಳಿಗೆ ಆ ವರ್ಷ ಬೆನ್ನು ನೋವಿತ್ತು. ನಾನು ಹೋದೆ. ಇಬ್ಬರೂ ಕೂಡಿ ಕೌದಿಗಳನ್ನು ಸೋಡಾ ನೀರಿನಲ್ಲಿ ನೆನೆಸಿ, ತುಳಿದು, ಹಿಂಡಿ, ಮಾಳಿಗೆಯ ಗೋಡೆಯ ಮೇಲೆ ಸಾಲಾಗಿ ಹಾಕಿದೆವು. ಒದ್ದೆ ಕೌದಿ ಎಂದರೆ ಎಮ್ಮೆಯ ಕರುವಿನಷ್ಟು ಭಾರ. ಹೊತ್ತು ಇಳಿಯುವುದರೊಳಗೆ ಒಣಗಿದವು. ಮಡಚುವಾಗ ಅಳಿಯನಿಗೆ ಹೊಲಿದ ಕೌದಿ ಕೈಗೆ ಬಂತು.

ಒಳಗಿನ ಬಟ್ಟೆ ಅಲ್ಲಲ್ಲಿ ಮುದ್ದೆಯಾಗಿತ್ತು. ನಾನು ಕೈ ಆಡಿಸಿದೆ. ಅಂಚಿನಿಂದ ಒಳಗೆ ಬೆರಳು ಸರಿಸುತ್ತಾ ಬಂದೆ. ಹೊರಗಿನ ಸುತ್ತುಗಳು ಸಣ್ಣ ಹೊಲಿಗೆ. ಆಮೇಲೆ ದೊಡ್ಡದಾಗುತ್ತಾ ಬಂದು ಶೇಂಗಾ ಬೀಜದಷ್ಟಾಗಿತ್ತು. ಅಲ್ಲಿಂದ ಮುಂದೆ ಒಮ್ಮೆಲೇ ಸಣ್ಣದು. ಮತ್ತೆ ದೊಡ್ಡದು, ಮತ್ತೆ ಒಮ್ಮೆಲೇ ಸಣ್ಣದು. ಒಮ್ಮೆಲೇ ಸಣ್ಣದಾದ ಜಾಗ ಯಾವುದೆಂದು ನನಗೆ ಗೊತ್ತಿತ್ತು. ಹೊಸ ಸೆಲ್ಲು ಹಾಕಿದ ಸಂಜೆ ಅದು.

ಅಳಿಯ ಊಟಕ್ಕೆ ಮನೆಗೆ ಬಂದಿದ್ದ. ಮಾಳಿಗೆಯಿಂದಲೇ ಕೂಗಿದೆ.

“ಅಳಿಯಂದ್ರ, ಮ್ಯಾಲ ಬರ್ರಿ ಜರಾ.”

ಕೈ ತೊಳೆದುಕೊಂಡು ಬಂದ. ಕೌದಿ ಬಿಡಿಸಿ ಹಾಸಿದೆ.

“ಇಲ್ಲಿ ಬೆರಳಿಡ್ರಿ. ಇದು ಹೊಸಾ ಸೆಲ್. ಇಲ್ಲಿ ಬರ್ರಿ, ಇದು ಎರಡನೇ ಸಂತಿ. ಇಲ್ಲಿ ನೋಡ್ರಿ, ಹೊಲಿಗಿ ಎಲ್ಲಿ ಹೊಂಟದ ಅಂತ ಹೊಲಿಗಿಗೇ ಗೊತ್ತಿಲ್ಲ. ಇಲ್ಲಿಂದ ಮತ್ತ ಹೊಸಾ ಸೆಲ್. ಕಣ್ಣು ಕೆಟ್ಟಿದ್ರ ಸೆಲ್ ಹಾಕಿದ ಕೂಡ್ಲೇ ಹ್ಯಾಂಗ ಸುಧಾರಸ್ತದ? ನನ್ನ ಕಣ್ಣಿಗಿ ಸೆಲ್ ಹಾಕ್ತಾರೇನು?”

ಅಳಿಯ ಮೊಣಕಾಲೂರಿ ಕೂತು ಸುತ್ತು ಸುತ್ತು ನೋಡಿದ. ಅವನು ಕೈಕೆಲಸದವನು, ಕಂಡದ್ದನ್ನು ಇಲ್ಲ ಅನ್ನುವುದಿಲ್ಲ.

“ಹೌದ್ರಿ ಅತ್ತಿ,” ಅಂದ. “ನೂರು ತಾಸಲ್ಲ. ಅದರ ಕಾಲು ಭಾಗನೂ ಕೆಲಸದ ಬೆಳಕು ಇಲ್ಲ. ನಾ ಹಳ್ಳಿ ಮಂದಿಗಿ ಸುಳ್ಳೇ ಜೋರು ಮಾಡಿದೆ.”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ. ಬಹಳ ಖುಷಿಯಾಗಿತ್ತು.

ಮಗಳು ಮಾಳಿಗೆಯ ಆ ತುದಿಗೆ ಹೋಗಿ, ಗೋಡೆಯ ಮೇಲಿದ್ದ ಇನ್ನೊಂದು ಕೌದಿ ಎಳೆದುಕೊಂಡು ಬಂದು, ಇದರ ಪಕ್ಕದಲ್ಲಿ ಹಾಸಿದಳು. ಅವಳ ಮದುವೆಗೆ ನಾನು ಹೊಲಿದು ಕೊಟ್ಟದ್ದು. ಬಣ್ಣವೆಲ್ಲ ಹೋಗಿತ್ತು, ಹೊಲಿಗೆ ಬಿಟ್ಟಿರಲಿಲ್ಲ.

“ಯವ್ವ, ಇದು ಯಾವ ಬೆಳಕಿನ್ಯಾಗ ಹೊಲಿದಿದ್ದಿ?”

“ಕಂದೀಲಿನ್ಯಾಗ. ಆಗ ಇನ್ನೇನಿತ್ತು?”

“ಕಂದೀಲಿನ ಬೆಳಕು ಹೆಚ್ಚೋ, ಹೊಸಾ ಸೆಲ್ ಹಾಕಿದ ಬ್ಯಾಟರಿ ಬೆಳಕು ಹೆಚ್ಚೋ?”

“ಬ್ಯಾಟರಿದು. ಹೊಸಾ ಸೆಲ್ ಇರೋ ತನಕ.”

“ಹಂಗಾದ್ರ ಕಂದೀಲಿನ್ಯಾಗ ಹೊಲಿದದ್ದು ಪೂರಾ ಜೋಳದ ಕಾಳು ಯಾಕದ? ಬ್ಯಾಟರ್ಯಾಗ ಮೊದಲನೇ ದಿನಾನೇ ತೊಗರಿ ಕಾಳು ಯಾಕದ?”

ನಾನು ಬಗ್ಗಿ ಎರಡರ ಮೇಲೂ ಕೈ ಇಟ್ಟೆ. ಒಂದು ಕೈ ಅದರ ಮೇಲೆ, ಒಂದು ಕೈ ಇದರ ಮೇಲೆ.

“ಆಗ ನಂಗ ವಯಸ್ಸಿತ್ತು,” ಅಂದೆ.

“ಆ ವಯಸ್ಸು ಎಲ್ಲಿಂದ ಹೋಗ್ಯಾದ? ಕಣ್ಣಾಗಿಂದೇ ಹೋಗ್ಯಾದ. ಮತ್ತ ಇಲ್ಲಿ ನೋಡು.” ಅವಳು ನನ್ನ ಬೆರಳು ಹಿಡಿದು ಅಂಚಿನಿಂದ ನಡುವಿಗೆ ತಂದಳು. “ಮೊದಲನೇ ಸಲ ಸೆಲ್ ಹಾಕ್ದಾಗ ತೊಗರಿ ಕಾಳು. ಎರಡನೇ ಸಲ ಹಾಕ್ದಾಗ ಅದಕ್ಕಿಂತ ಒಂದೀಟು ದೊಡ್ಡದು. ಕಡೀ ಸಲ ಹೊಸಾ ಸೆಲ್ ಹಾಕಿದ್ರೂ ಕಡ್ಲಿ ಕಾಳು. ಸೆಲ್ ಹೊಸಾದು, ಬೆಳಕು ಹೊಸಾದು, ಹೊಲಿಗಿ ಯಾಕ ವಾಪಸ್ ಬರಲಿಲ್ಲ?”

ಬೆರಳು ಸುಳ್ಳು ಹೇಳುವುದಿಲ್ಲ. ಅವಳಿಗೆ ಹೊಲಿಗೆ ಕಲಿಸಿದವಳು ನಾನೇ. ಹೊಲಿಗೆ ನೋಡಿ ಹೊಲಿದವಳ ಗುಣ ಹೇಳು ಎಂದು ಚಿಕ್ಕಂದಿನಲ್ಲಿ ಅವಳಿಂದ ಹೇಳಿಸುತ್ತಿದ್ದವಳೂ ನಾನೇ.

ಅಳಿಯ ಇಬ್ಬರ ಮುಖ ನೋಡಿ, “ಅತ್ತಿ, ನಿಮ್ಮ ಮಾತೂ ಖರೇ ಅದ, ಇಕಿ ಮಾತೂ ಖರೇ ಅದ,” ಅಂದ.

“ಎರಡೂ ಖರೇ ಇರ್ತಾವೇನು?”

“ಇಲ್ಲೇ ಅವ ನೋಡ್ರಿ.”

ಕೌದಿ ಮಡಚಿದೆವು. ಅವನು ಅಂಗಡಿಗೆ ಹೋದ. ಸಂಜೆ ನಾನು ಅಂಗಡಿಯ ಮುಂದಿನ ಹಾಸುಗಲ್ಲಿನ ಮೇಲೆ ಹೋಗಿ ಕೂತೆ, ಮನೆಯಲ್ಲಿ ಮಗಳ ಕಣ್ಣು ನನ್ನ ಮೇಲೇ ಇತ್ತು, ಅದಕ್ಕೆ. ಒಬ್ಬ ಗಿರಾಕಿ ಬಂದು ಅದೇ ಬ್ಯಾಟರಿ ಕೈಗೆತ್ತಿಕೊಂಡ. ನೂರು ತಾಸು ಬರುತ್ತದೇನು ಎಂದು ಕೇಳಿದ. ಅಳಿಯ ನನ್ನ ಕಡೆ ನೋಡಲಿಲ್ಲ.

“ನೂರು ಬರ್ತದ. ಅದರಾಗ ಮೊದಲ ಇಪ್ಪತ್ತು ಬೆಳಕು, ಉಳಿದದ್ದು ಬರೇ ಮಿಣುಕು. ಬೇಕಾದ್ರ ತಗೋರಿ,” ಅಂದ.

ಗಿರಾಕಿ ತೆಗೆದುಕೊಂಡ. ಹೇಳಿದರೂ ತೆಗೆದುಕೊಂಡ. ಕತ್ತಲೆಯಲ್ಲಿ ಏನೂ ಇಲ್ಲದ್ದಕ್ಕಿಂತ ಇಪ್ಪತ್ತು ತಾಸು ಮೇಲು ಎಂದು ಅವನಿಗೂ ಗೊತ್ತು.

ನಾನು ಅಲ್ಲಿ ಕೂತು ಒಂದು ಕೈಯಿಂದ ಎಡಗಣ್ಣು ಮುಚ್ಚಿಕೊಂಡು ರಸ್ತೆ ನೋಡಿದೆ. ಬಸ್ಸು ಬರುವುದು ಸಪ್ಪಳದಿಂದ ತಿಳಿಯಿತು. ಅದರ ದೀಪ ಒಡೆದ ತತ್ತಿಯ ಹಾಗೆ ಹರಡಿಕೊಂಡಿತ್ತು. ಬೋರ್ಡು ಕಾಣಲಿಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ, ಬೋರ್ಡು ಇದೆ ಎಂದು ಕಂಡಿತು. ಇದನ್ನು ನಾನು ಪಂಚಮಿಯಲ್ಲೇ ಮಾಡಿ ನೋಡಬಹುದಿತ್ತು, ಮಾಡಲಿಲ್ಲ. ಬ್ಯಾಟರಿಯ ಮೇಲೆ ಅಷ್ಟು ಪರೀಕ್ಷೆ ನಡೆಸಿದ್ದೆ, ಕಣ್ಣಿನ ಮೇಲೆ ಒಂದೂ ನಡೆಸಿರಲಿಲ್ಲ.

ಮನೆಗೆ ಬಂದು ರೊಟ್ಟಿ, ಪುಂಡಿ ಪಲ್ಯ ಉಂಡೆವು. ಊಟ ಮುಗಿದ ಮೇಲೆ ಕೇಳಿದೆ.

“ಆಪರೇಶನ್ ಆದ ಮ್ಯಾಲ ಎಷ್ಟು ದಿನ ಒಲಿ ಮುಂದ ಕೂಡಬಾರದು?”

ಮಗಳು ತಟ್ಟೆ ಎತ್ತುವವಳು ಅಲ್ಲೇ ನಿಂತಳು. “ಡಾಕ್ಟರ್ ಹೇಳ್ತಾರ. ಅಷ್ಟು ದಿನ ಇಲ್ಲೇ ಇರು.”

“ನಿಮ್ಮ ಅಪ್ಪಗ ರೊಟ್ಟಿ?”

“ನಿನ್ನ ಸೊಸಿ ಬಡೀತಾಳ.”

“ಆಕಿ ರೊಟ್ಟಿ ದಪ್ಪ.”

“ಅಪ್ಪಗ ಹಲ್ಲು ಅವ.”

ಮರುದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡೆ. ಕಣ್ಣಿಗೆ ಇಳಿಯಬಾರದೆಂದು ತಲೆಗೆ ಎಣ್ಣೆ ಹಾಕಲಿಲ್ಲ. ಅಳಿಯ ಅಂಗಡಿಯ ಕೀಲಿ ತೆಗೆದುಕೊಳ್ಳುವ ಹೊತ್ತಿಗೆ ಹೊಸ್ತಿಲ ಹೊರಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದೆ. ಮೊದಲು ದವಾಖಾನೆ, ಆಮೇಲೆ ಅಂಗಡಿ ಎಂದೆ. ಕಣ್ಣಿನ ದವಾಖಾನೆಯಲ್ಲಿ ನಮಗಿಂತ ಮುಂಚೆ ಬಂದವರು ಬಾಕಿನ ಮೇಲೆ ಕೂತಿದ್ದರು. ನಾನೂ ಕೂತೆ. ನನ್ನ ಪಾಳಿ ಬಂದಾಗ ಡಾಕ್ಟರು ಎರಡೂ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಎರಡಕ್ಕೂ ಪೊರೆ ಇದೆ, ಬಲಗಡೆಯದು ಬಲಿತಿದೆ, ಇನ್ನೂ ತಡ ಮಾಡಬಾರದು, ಎಡಗಡೆಯದು ಎಳೆಯದು ಎಂದರು. ಬಲಗಣ್ಣನ್ನು ಮೊದಲು ಮಾಡಿಸುತ್ತೀರಾ ಎಂದು ಕೇಳಿದರು. ಹೂಂ ಎಂದೆ. ಹೋದರೆ ಕೆಟ್ಟದ್ದೇ ಹೋಗಲಿ, ಉಳಿದರೆ ಇನ್ನೊಂದನ್ನೂ ತರುತ್ತೇನೆ ಎಂದು ಹೇಳಿ, ಆಪರೇಶನ್ನಿನ ಚೀಟಿ ಬರೆಸಿಕೊಂಡೆ.